ಒಂದು ಶಾಲು, ಹನ್ನೊಂದನೇ ಪುಟ

ನನಗೆ ಸನ್ಮಾನ ಎಂದರೆ ಇಷ್ಟ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಏಕೆಂದರೆ ಮುಂದೆ ಆದ ಎಡವಟ್ಟಿಗೆಲ್ಲ ಅದೇ ಮೂಲ. ಮೂವತ್ತು ವರ್ಷಕ್ಕೂ ಮೇಲೆ ನಾನು ಅಂಚೆ ಕಚೇರಿಯ ಉಳಿತಾಯ ಖಾತೆಯ ಕೌಂಟರಿನಲ್ಲಿ ಕುಳಿತವಳು. ಮೊದಲು ಭಟ್ಕಳ, ಆಮೇಲೆ ಹೊನ್ನಾವರ, ಕೊನೆಗೆ ಕುಮಟೆ. ನಿವೃತ್ತಿಯ ದಿನ ಸಿಕ್ಕಿದ್ದು ಒಂದು ಗೋಡೆ ಗಡಿಯಾರ. ಅದು ಮೂರನೇ ತಿಂಗಳಿಗೆ ನಿಂತಿತು. ಶಾಲು ಯಾರೂ ಹೊದೆಸಲಿಲ್ಲ. ಜೊತೆಯಲ್ಲಿ ನಿವೃತ್ತರಾದ ಮಾಸ್ತರರಿಗೆಲ್ಲ ಊರೂರಲ್ಲಿ ಶಾಲು, ಹಣ್ಣಿನ ಬುಟ್ಟಿ. ನನಗೆ ನಿಂತ ಗಡಿಯಾರ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಹಾಗಿರುವಾಗ ಒಂದು ದಿನ ಪೇಪರಿನ ಮಡಿಕೆಯಿಂದ ಬಣ್ಣದ ಹಾಳೆಯೊಂದು ಜಾರಿ ಬಿತ್ತು. ಹೊನ್ನಾವರದಿಂದ ಗೇರುಸೊಪ್ಪಕ್ಕೆ ಹೋಗುವ ದಾರಿಯಲ್ಲಿ, ಶರಾವತಿ ಕಾಣುವ ಗುಡ್ಡದ ಮೇಲೆ, ನಿವೃತ್ತರಿಗಾಗಿ ಒಂದು ಹಳ್ಳಿಯನ್ನೇ ಕಟ್ಟುತ್ತಾರಂತೆ. ಸಾಲು ಮನೆ, ಊಟದ ಹಾಲ್, ನರ್ಸು, ಹಾಸಿಗೆ ಪಕ್ಕದಲ್ಲಿ ಒತ್ತಿದರೆ ಜನ ಓಡಿಬರುವ ಗಂಟೆ. ಅಲ್ಲಿ ಹೋಗಿ ಇರಬೇಕೆಂದೇನೂ ಇಲ್ಲ. ಬರೀ ದುಡ್ಡು ಹೂಡಿದರೂ ಸಾಕು. ಅಲ್ಲಿ ಬಂದು ಇರುವವರು ತಿಂಗಳು ತಿಂಗಳು ಕೊಡುವ ಹಣದಲ್ಲಿ ನಮಗೆ ಪಾಲು, ಮುಂದೆ ನಮಗೇ ಬೇಕೆಂದಾಗ ಕಡಿಮೆ ದರದಲ್ಲಿ ಮನೆ. ಹಾಳೆಯ ಮೇಲೆ ಬಿಳಿ ಕೂದಲಿನ ಗಂಡ ಹೆಂಡತಿ ಬೆಂಚಿನ ಮೇಲೆ ಕುಳಿತು ನಗುತ್ತಿದ್ದರು. ಇಬ್ಬರ ಬಾಯಲ್ಲೂ ಒಂದು ಹಲ್ಲೂ ಹೋಗಿರಲಿಲ್ಲ. ನಮ್ಮ ಕಡೆಯ ಮುಖಗಳಂತೂ ಅಲ್ಲ. ಅವರ ಕೆಳಗೆ ದಪ್ಪ ಅಕ್ಷರದಲ್ಲಿ ‘ಯಾರ ಹಂಗೂ ಇಲ್ಲದ ಬದುಕು’ ಎಂದಿತ್ತು. ಅದರ ಕೆಳಗೆ ‘ಹೂಡಿದ ಹಣ ಯಾವಾಗ ಬೇಕಾದರೂ ವಾಪಸ್’.

ನಾನು ಆ ಹಾಳೆಯನ್ನು ಚಪಾತಿ ಡಬ್ಬಿಯ ತಳಕ್ಕೆ ಹಾಸಿದೆ. ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಕಂಪನಿಯವರು ಜಾಣರು. ವಾರದೊಳಗೆ ಅವರ ಮ್ಯಾನೇಜರ್ ಫೋನ್ ಮಾಡಿದ. ನಲವತ್ತರ ಆಸುಪಾಸಿನವನು, ಮಾತಿಗೊಮ್ಮೆ ‘ಅಮ್ಮ’ ಎನ್ನುವವನು. ಹೊನ್ನಾವರದ ಒಂದು ಸಭಾಭವನದಲ್ಲಿ ಸಮಾಜಸೇವೆ ಮಾಡಿದ ಹಿರಿಯರಿಗೆ ಗೌರವಾರ್ಪಣೆ ಇದೆ, ನಿಮ್ಮ ಹೆಸರನ್ನು ತುಂಬ ಜನ ಹೇಳಿದರು ಎಂದ. ಯಾವ ಜನ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಇಸ್ತ್ರಿ ಮಾಡಿದೆ.

ಅವತ್ತು ಉಪ್ಪಿಟ್ಟು, ಕೇಸರಿಬಾತು, ಪ್ರಾರ್ಥನೆ, ದೀಪ, ಎಲ್ಲ ಆಯಿತು. ಮ್ಯಾನೇಜರ್ ವೇದಿಕೆಯ ಮೇಲೆ ಎಲ್ಲರ ಎದುರು ನನ್ನ ಕಾಲಿಗೆ ಬಿದ್ದ. ಅಂಚಿಗೆ ಕೆಂಪು ಜರಿ ಇದ್ದ ಶಾಲು ಹೊದೆಸಿದರು. ಫೋಟೋ ತೆಗೆದರು. ನನ್ನ ಕಣ್ಣು ಒದ್ದೆಯಾಯಿತು. ಅಂಥ ಹೊತ್ತಿನಲ್ಲಿ ಯಾರಾದರೂ ಫಾರ್ಮು ಮುಂದಿಟ್ಟರೆ ನಮ್ಮ ಕಡೆಯವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಶಾಲು ಹೊದೆಸಿದವರಿಗೆ ಬೆನ್ನು ತೋರಿಸುವುದು ಹೇಗೆ? ಅವತ್ತೇ ನಾಲ್ಕು ಜನ ಸಹಿ ಹಾಕಿದರು. ನನ್ನ ಕೈಯಲ್ಲಿ ಹಣವಿರಲಿಲ್ಲ, ಮನೆ ರಿಪೇರಿಗೆ ಹೋಗಿತ್ತು. ಹಾಗಾಗಿ ಬಚಾವಾದೆ, ಬುದ್ಧಿವಂತಿಕೆಯಿಂದಲ್ಲ.

ಇನ್ನು ನನ್ನ ಗೆಳತಿಯ ಮಾತು. ಅವಳು ಶಿರಾಲಿಯವಳು, ನರ್ಸಾಗಿದ್ದವಳು. ನಾನು ಭಟ್ಕಳದಲ್ಲಿ ಕೌಂಟರಿಗೆ ಹೊಸಬಳಾಗಿದ್ದಾಗ ಖಾತೆ ತೆರೆಯಲು ಬಂದವಳು ನನ್ನ ಮೊದಲ ಗೆಳತಿಯಾಗಿ ಉಳಿದಳು. ಮದುವೆಯಾಗಲಿಲ್ಲ. ಊರಿನ ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವು, ಆದರೆ ತಾನು ಕಾಯಿಲೆ ಬಿದ್ದರೆ ಒಂದು ಲೋಟ ನೀರು ಕೊಡುವವರು ಯಾರು ಎಂಬ ಚಿಂತೆ ಅವಳನ್ನು ಬಿಟ್ಟಿರಲಿಲ್ಲ. ನನ್ನ ಮನೆಗೆ ಬಂದಿರು, ನಾನೂ ಒಂಟಿ, ಎರಡು ಕೋಣೆ ಖಾಲಿ ಇವೆ ಎಂದು ಎಷ್ಟು ಸಲ ಕರೆದಿದ್ದೇನೋ ಲೆಕ್ಕವಿಲ್ಲ. ಗೆಳತಿ ಮನೆಯಲ್ಲಿ ನಾಲ್ಕು ದಿನ ಚಂದ, ಐದನೇ ದಿನ ಹಂಗು ಎನ್ನುತ್ತಿದ್ದಳು. ಒಮ್ಮೆ ಇದೇ ಮಾತಿಗೆ ಸಿಟ್ಟಾಗಿ ನಾನು ಒಂದು ತಿಂಗಳು ಫೋನನ್ನೇ ಮಾಡಿರಲಿಲ್ಲ.

ಸನ್ಮಾನವಾಗಿ ಎರಡು ತಿಂಗಳಿಗೆ ಅವಳ ಫೋನು ಬಂತು. ದನಿಯಲ್ಲಿ ಸಂಭ್ರಮ. ನಿವೃತ್ತಿಯಲ್ಲಿ ಬಂದದ್ದು, ಅಂಚೆಯಲ್ಲಿ ಕೂಡಿಸಿದ್ದು, ಎಲ್ಲವನ್ನೂ ತೆಗೆದು ಆ ಕಂಪನಿಗೆ ಹಾಕಿದ್ದಾಳೆ. ನನ್ನ ಹತ್ತಿರ ಒಂದು ಮಾತು ಕೇಳಬಾರದಿತ್ತೇ ಎಂದೆ.

“ಇನ್ನೆಂತ ಕೇಳೂದು ಮಾರಾಯ್ತಿ? ಅವರ ಪುಸ್ತಕದಲ್ಲಿ ನಿನ್ನ ಫೋಟೋನೇ ಇದ್ದು. ನೀನೇ ದುಡ್ಡು ಹಾಕಿದ ಮೇಲೆ ನಾನೆಂತಕ್ಕೆ ಯೋಚನೆ ಮಾಡೂದು?”

ಮರುದಿನ ಬೆಳಿಗ್ಗೆಯ ಬಸ್ಸಿಗೆ ಶಿರಾಲಿಗೆ ಹೋದೆ. ಅವಳು ಕಂಪನಿಯ ಪ್ರಚಾರದ ಪುಸ್ತಕ ತಂದು ಕೊಟ್ಟಳು. ನುಣುಪು ಕಾಗದ, ಎರಡನೇ ಪುಟದ ತುಂಬ ನಾನು, ಶಾಲು ಹೊದ್ದುಕೊಂಡು, ಕಣ್ಣು ಒದ್ದೆ ಮಾಡಿಕೊಂಡು. ಕೆಳಗೆ, ‘ಜೀವನವಿಡೀ ಜನರ ಉಳಿತಾಯ ಕಾಪಾಡಿದವರು ಇಂದು ನಮ್ಮೊಂದಿಗೆ’ ಎಂದಿತ್ತು. ನಾನು ಹಣ ಹಾಕಿದ್ದೇನೆ ಎಂದು ಎಲ್ಲೂ ಬರೆದಿರಲಿಲ್ಲ. ಸುಳ್ಳೆಂದು ಬೆರಳಿಡಲು ಒಂದು ಅಕ್ಷರವಿಲ್ಲ. ಅದನ್ನು ಬರೆದವನ ಕೈಯನ್ನು ಮೆಚ್ಚಬೇಕೋ ಮುರಿಯಬೇಕೋ ತಿಳಿಯಲಿಲ್ಲ. ನಾನು ಒಂದು ರೂಪಾಯಿಯನ್ನೂ ಹಾಕಿಲ್ಲ ಎಂದು ಹೇಳಿದಾಗ ಅವಳು ಬೈಯಲಿಲ್ಲ, ಅಳಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕರಾರು ಪತ್ರ ಕೊಡು ಎಂದೆ. ಇಪ್ಪತ್ತೆರಡು ಪುಟ, ಎಲ್ಲ ಇಂಗ್ಲಿಷ್. ಓದಿದ್ದೀಯಾ ಎಂದು ಕೇಳಿದೆ. ಸಹಿ ಮಾಡುವ ಜಾಗಕ್ಕೆ ಅವರೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಿದ್ದರಂತೆ.

ಇಲ್ಲಿ ನನ್ನ ನೌಕರಿಯ ಒಂದು ಪದ್ಧತಿಯನ್ನು ಹೇಳಬೇಕು. ಓದು ಬರಹ ಬಾರದವರು ಖಾತೆ ತೆರೆಯಲು ಬಂದರೆ ನಾನು ಫಾರ್ಮನ್ನು ಪೂರ್ತಿ ಓದಿ ಹೇಳುತ್ತಿದ್ದೆ. ಕನ್ನಡದವರಿಗೆ ಕನ್ನಡದಲ್ಲಿ, ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರ ಹೆಂಗಸರಿಗೆ ಕೊಂಕಣಿಯಲ್ಲಿ. ಓದಿ ಮುಗಿಸಿ, ‘ಎಂತ ಅರ್ಥ ಆತು, ಹೇಳಿ’ ಎಂದು ಕೇಳುತ್ತಿದ್ದೆ. ಅವರು ತಿರುಗಿ ಹೇಳಬೇಕು. ತಪ್ಪು ಹೇಳಿದರೆ ಮತ್ತೊಮ್ಮೆ ಓದುವುದು. ಸರಿ ಹೇಳಿದ ಮೇಲೆಯೇ ಹೆಬ್ಬೆಟ್ಟಿಗೆ ಶಾಯಿ. ಸಾಲಿನಲ್ಲಿ ನಿಂತವರು ಎಷ್ಟು ಬೈದರೂ ನಾನು ಜಗ್ಗಿದವಳಲ್ಲ. ಓದು ಬಲ್ಲವರಿಗೆ ಮಾತ್ರ ಯಾವತ್ತೂ ಓದಿ ಹೇಳಲಿಲ್ಲ. ಅವರೇ ಓದಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕಲಿತವರೇ ಓದುವುದಿಲ್ಲ ಎಂಬುದು ಅವತ್ತು ಶಿರಾಲಿಯಲ್ಲಿ ನನಗೆ ತಿಳಿಯಿತು.

ಕನ್ನಡಕ ಏರಿಸಿ ಮಧ್ಯಾಹ್ನದವರೆಗೆ ಓದಿದೆ. ಒಂಬತ್ತನೇ ಪುಟದಲ್ಲಿ ಸಿಕ್ಕಿತು: ಹೂಡಿದವರು ಹಣ ವಾಪಸ್ ಕೇಳಿದರೆ, ಅವರ ಜಾಗಕ್ಕೆ ಹೊಸ ಹೂಡಿಕೆದಾರ ಬಂದ ಮೇಲೆ ಕೊಡಲಾಗುವುದು, ಅಂಥವರನ್ನು ಹುಡುಕುವ ಹೊಣೆ ಕಂಪನಿಯದಲ್ಲ. ತಿಂಗಳ ಪಾಲು ಕೂಡ ಮನೆಗಳು ತುಂಬಿದರೆ ಮಾತ್ರ. ಮನೆಗಳೋ, ಇನ್ನೂ ಗುಡ್ಡದ ಮೇಲೆ ಸುಣ್ಣದ ಗೆರೆಗಳಾಗಿಯೇ ಇದ್ದವು. ಹನ್ನೊಂದನೇ ಪುಟದಲ್ಲಿ ಮತ್ತೊಂದು ಸಿಕ್ಕಿತು. ಸಹಿ ಹಾಕಿದ ಹದಿನೈದು ದಿನದೊಳಗೆ ಕಂಪನಿಯ ಪ್ರತಿನಿಧಿಗೆ ಲಿಖಿತವಾಗಿ ತಿಳಿಸಿದರೆ ಪೂರ್ತಿ ಹಣ ಮರಳಿಸಲಾಗುವುದು. ಅವಳು ಸಹಿ ಹಾಕಿ ಎಷ್ಟು ದಿನವಾಯಿತೆಂದು ಬೆರಳು ಮಡಚಿ ಎಣಿಸಿದೆ. ಹನ್ನೆರಡು.

ಹಣ ವಾಪಸ್ ಬೇಕೆಂದು ಅವಳಿಂದ ಅಲ್ಲೇ ಪತ್ರ ಬರೆಸಿದೆ, ಅದಕ್ಕೊಂದು ನಕಲನ್ನೂ. ಪತ್ರವನ್ನು ಅಂಚೆಗೆ ಹಾಕಬಹುದಿತ್ತು. ಆದರೆ ಮೂರು ದಿನದಲ್ಲಿ ತಲುಪದಿದ್ದರೆ? ಅಂಚೆಯವಳಾಗಿ ನಾನು ಈ ಮಾತು ಆಡಬಾರದು, ಆದರೂ ಅವತ್ತು ಆಡಿದೆ. ಪತ್ರವನ್ನು ಕೈಗೇ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಮ್ಯಾನೇಜರೋ, ಸಹಿ ಹಾಕಿದವರ ಫೋನು ಎತ್ತುವುದಿಲ್ಲವಂತೆ. ನನ್ನ ಫೋನು ಮಾತ್ರ ಎತ್ತುತ್ತಿದ್ದ, ಏಕೆಂದರೆ ಮರುದಿನ ಭಾನುವಾರ ಭಟ್ಕಳದಲ್ಲಿ ನಡೆಯುವ ಸಭೆಗೆ ಮುಖ್ಯ ಅತಿಥಿಯಾಗಿ ಬನ್ನಿ ಎಂದು ನನ್ನ ಬೆನ್ನು ಬಿದ್ದಿದ್ದ. ಅಲ್ಲಿಂದಲೇ ಫೋನ್ ಮಾಡಿ, ಬರುತ್ತೇನೆ, ಆದರೆ ಎರಡು ಮಾತು ಆಡಲು ಬಿಡಬೇಕು ಎಂದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಕಾರು ಕಳಿಸುತ್ತೇನೆ ಎಂದ. ಶಿರಾಲಿಗೇ ಕಳಿಸು ಎಂದೆ. ಅವರ ಕಾರಿನಲ್ಲೇ ನಾವಿಬ್ಬರೂ ಹೋದೆವು.

ಭಟ್ಕಳದ ಹಾಲ್ ತುಂಬಿತ್ತು. ನಿವೃತ್ತ ನೌಕರರು, ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ವ್ಯಾಪಾರಿಗಳು, ಗಲ್ಫಿನಲ್ಲಿ ದುಡಿದು ಬಂದ ಭಟ್ಕಳದ ನವಾಯತ ಮುಸ್ಲಿಂ ಹಿರಿಯರು. ಗೆಳತಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ಮತ್ತೆ ಶಾಲು ಹೊದೆಸಿದರು, ಈ ಸಲ ಹಸಿರು ಜರಿ. ಮೈಕು ನನ್ನ ಕೈಗೆ ಬಂತು.

ದನಿ ಕೌಂಟರಿನದೇ ಬಂತು. ಮೊದಲು, ಈ ಪುಸ್ತಕದಲ್ಲಿರುವ ಹೆಂಗಸು ನಾನೇ, ನಾನು ಈ ಕಂಪನಿಗೆ ಒಂದು ರೂಪಾಯಿಯನ್ನೂ ಹಾಕಿಲ್ಲ ಎಂದೆ. ನನಗೆ ಗೊತ್ತಿರುವ ಕೆಲಸ ಒಂದೇ, ಫಾರ್ಮು ಓದಿ ಹೇಳುವುದು, ಅದನ್ನೇ ಮಾಡುತ್ತೇನೆ ಎಂದು ಪುಸ್ತಕದ ‘ಯಾವಾಗ ಬೇಕಾದರೂ ವಾಪಸ್’ ಓದಿದೆ. ಆಮೇಲೆ ಕರಾರಿನ ಒಂಬತ್ತನೇ ಪುಟವನ್ನು ಕನ್ನಡದಲ್ಲಿ ಹೇಳಿದೆ, ಕೊಂಕಣಿಯಲ್ಲಿ ಹೇಳಿದೆ. ಎರಡನೇ ಸಾಲಿನ ಒಬ್ಬ ಹಿರಿಯರು ಅಕ್ಕಪಕ್ಕದವರಿಗೆ ತಮ್ಮ ನವಾಯತಿ ಮಾತಿನಲ್ಲಿ ಹೇಳುತ್ತ ಹೋದರು. ಓದಿ ಮುಗಿಸಿ, ಹಳೆಯ ರೂಢಿಯಂತೆ ಕೇಳಿದೆ.

“ಎಂತ ಅರ್ಥ ಆತು, ಹೇಳಿ.”

ಆ ಹಿರಿಯರೇ ಎದ್ದು ನಿಂತರು. “ಇನ್ನೊಬ್ಬ ಬಂದು ಸಿಕ್ಕಿಬೀಳುವ ತನಕ ನಮ್ಮ ದುಡ್ಡು ಅಲ್ಲೇ.”

ಇಡೀ ಹಾಲ್ ನಕ್ಕಿತು. ಮೂವತ್ತು ವರ್ಷದಲ್ಲಿ ಇಷ್ಟು ಸರಿಯಾಗಿ ತಿರುಗಿ ಹೇಳಿದವರು ಬೇರೆ ಯಾರೂ ಇರಲಿಲ್ಲ. ಮ್ಯಾನೇಜರ್ ಮೈಕಿಗೆ ಕೈ ಚಾಚಿ, ಅದು ಬರೀ ಕಾನೂನಿನ ಭಾಷೆ ಅಮ್ಮ, ನಮ್ಮ ಉದ್ದೇಶ ಹಾಗಲ್ಲ ಎಂದ. ಹಾಗಾದರೆ ಪುಸ್ತಕದಲ್ಲಿ ಇರುವುದನ್ನೇ ಕರಾರಿನಲ್ಲೂ ಬರೆದುಕೊಡಿ ಎಂದೆ. ಅದಕ್ಕೆ ಹೆಡ್ ಆಫೀಸ್ ಒಪ್ಪಬೇಕು ಎಂದ. ಆಗಲಿ, ಇದಕ್ಕೆ ಹೆಡ್ ಆಫೀಸ್ ಬೇಡ ಎನ್ನುತ್ತ ನಾನು ಹನ್ನೊಂದನೇ ಪುಟ ತೆರೆದು ಗೆಳತಿಯನ್ನು ವೇದಿಕೆಗೆ ಕರೆದೆ. ಅವಳು ತನ್ನ ಪತ್ರವನ್ನು ತಾನೇ ಅವನ ಕೈಗೆ ಕೊಟ್ಟಳು. ಅವನು ಹನ್ನೊಂದನೇ ಪುಟವನ್ನು ನಿಂತಲ್ಲೇ ಓದಿದ. ಓದುವಾಗಿನ ಅವನ ಮುಖ ನೋಡಿದರೆ ಅದೇ ಮೊದಲ ಸಲ ಓದುತ್ತಿದ್ದಾನೆ ಎಂದು ಸ್ಪಷ್ಟವಾಗಿತ್ತು. ನನಗೆ ಒಂದು ಗಳಿಗೆ ಪಾಪ ಅನಿಸಿತು. ಆದರೆ ಚಾಚಿದ್ದ ಪೆನ್ನನ್ನು ಅವನ ಮುಂದಿನಿಂದ ತೆಗೆಯಲಿಲ್ಲ.

ನಕಲಿನ ಮೇಲೆ ‘ಸ್ವೀಕರಿಸಿದೆ’ ಎಂದು ಬರೆದು, ತಾರೀಕು ಹಾಕಿ, ಸಹಿ ಮಾಡಿದ. ತಾರೀಕು ಅಸ್ಪಷ್ಟವಾಗಿದೆ, ಇನ್ನೊಮ್ಮೆ ಬರೆಯಿರಿ ಎಂದೆ. ಬರೆದ. ಹಾಲ್ ಚಪ್ಪಾಳೆ ತಟ್ಟಿತು. ಹೊನ್ನಾವರದಲ್ಲೂ ನನಗೆ ಚಪ್ಪಾಳೆ ಬಿದ್ದಿತ್ತು, ಆದರೆ ಅದು ಶಾಲಿಗೆ ಬಿದ್ದದ್ದು. ಇದು ನನ್ನದು. ಇಷ್ಟು ವರ್ಷ ಕಾದ ಸನ್ಮಾನ ಇದೇ ಎಂದು ಅಲ್ಲೇ ಗೊತ್ತಾಯಿತು, ನಾಚಿಕೆ ಬಿಟ್ಟು ಹಿಗ್ಗಿದೆ. ಅವತ್ತು ಹಾಲ್‌ನಲ್ಲಿ ಒಬ್ಬರೂ ಸಹಿ ಹಾಕಲಿಲ್ಲ. ಕೆಲವರು ಕರಾರಿನ ನಕಲು ಕೇಳಿ ಪಡೆದು ಮನೆಗೆ ಹೋದರು. ವಾಪಸ್ ಹೋಗಲು ಕಾರು ಸಿಗಲಿಲ್ಲ. ಬಸ್ಸಿನಲ್ಲಿ ಹೋದೆವು, ಹಸಿರು ಜರಿಯ ಶಾಲನ್ನು ಮಡಿಲಲ್ಲಿ ಇಟ್ಟುಕೊಂಡು.

ಅವಳ ಹಣ ತಿಂಗಳೊಳಗೆ ಪೂರ್ತಿ ಬಂತು. ಕಂಪನಿಯ ಮುಂದಿನ ಪುಸ್ತಕ ನೋಡಿದೆ. ನನ್ನ ಫೋಟೋ ಇಲ್ಲ, ‘ಯಾವಾಗ ಬೇಕಾದರೂ’ ಎಂಬುದು ಇಲ್ಲ, ಕರಾರು ಕನ್ನಡದಲ್ಲೂ ಸಿಗುತ್ತದೆ ಎಂದು ಹಿಂಬದಿಯಲ್ಲಿ ಅಚ್ಚಾಗಿದೆ. ಹಿರಿಯರಿಗೆ ಒಂದು ಹಳ್ಳಿ ಬೇಡವೆಂದು ನಾನು ಹೇಳುವುದಿಲ್ಲ. ಕಟ್ಟಲಿ, ಹಾಳೆಯ ಮೇಲೆ ಹಲ್ಲಿಲ್ಲದ ಮುಖಗಳನ್ನೂ ಹಾಕಲಿ.

ಹಣ ಬಂದ ಮೇಲೆ ಗೆಳತಿ ಕುಮಟೆಗೆ ಬಂದಳು. ಅದನ್ನು ಅಂಚೆಯಲ್ಲೇ ಇಡುವುದೆಂದು ಇಬ್ಬರೂ ನನ್ನ ಹಳೆಯ ಕೌಂಟರಿನ ಎದುರು ಸಾಲಿನಲ್ಲಿ ನಿಂತೆವು. ಅವಳು ಫಾರ್ಮನ್ನು ಶಿರಾಲಿಯಿಂದಲೇ ತುಂಬಿಕೊಂಡು ಬಂದಿದ್ದಳು. ಸಹಿ ಮಾತ್ರ ಬಾಕಿ. ಪೆನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ.

“ಓದಿ ಹೇಳು,” ಎಂದಳು.

ನಿನಗೆ ಓದಲು ಬರುವುದಿಲ್ಲವೇ ಎಂದೆ. ಬಂದರೂ ಓದು ಎಂದಳು. ಸಾಲಿನವರು ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದೆ. ಹೆಸರು, ಮೊತ್ತ, ಅವಧಿ. ಪತ್ರವ್ಯವಹಾರದ ವಿಳಾಸದ ಸಾಲಿಗೆ ಬಂದಾಗ ನನ್ನ ಬಾಯಿ ತಾನೇ ನಿಂತಿತು. ಅಲ್ಲಿ ಬರೆದಿದ್ದದ್ದು ಶಿರಾಲಿಯ ವಿಳಾಸವಲ್ಲ. ನನ್ನ ಮನೆಯದು.

ನಾನು ತಲೆ ಎತ್ತಿದೆ. ಅವಳು ಕೌಂಟರಿಗೆ ಮೊಣಕೈ ಊರಿ ನನ್ನನ್ನೇ ನೋಡುತ್ತಿದ್ದಳು.

“ಎಂತ ಅರ್ಥ ಆತು,” ಎಂದಳು, “ಹೇಳು.”