ಕೆಂಪು ಗೀಟು

ಶ್ರೀನಿವಾಸಪುರದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಹೆಡ್ ಕ್ಲರ್ಕ್ ಆಗಿದ್ದ ಕಾಲ. ಹಾಜರಿ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತಿತ್ತು. ಹತ್ತು ಗಂಟೆಯಾದ ಮೇಲೆ ಹತ್ತು ನಿಮಿಷ ಕಾಯುತ್ತಿದ್ದೆ. ಆಮೇಲೆ ಸಹಿಯಿಲ್ಲದ ಚೌಕಗಳಲ್ಲೆಲ್ಲ ಕೆಂಪು ಗೀಟು. ತಡವಾಗಿ ಬಂದವರು ಆ ಗೀಟಿನ ಮೇಲೇ ಸಹಿ ಹಾಕಬೇಕು. ಮೂರು ಗೀಟಿಗೆ ಒಂದು ರಜೆ ಕಟ್.

ನಾನೇನೂ ಹುಟ್ಟಾ ಹೀಗಿರಲಿಲ್ಲ. ಮಾಲೂರಿನ ಮೊದಲ ಕೆಲಸದಲ್ಲಿ, ಯಾರೋ ತಡವಾಗಿ ಬಂದದ್ದನ್ನು ಕಂಡೂ ಕಾಣದಂತಿದ್ದೆನೆಂದು ಸಾಹೇಬರು ಎಲ್ಲರೆದುರು ನನ್ನ ಮಾನ ಹರಾಜು ಹಾಕಿದ್ದರು. ಅಲ್ಲಿಂದೀಚೆಗೆ ಒಂದು ನಿಮಿಷ ಬಿಟ್ಟುಕೊಟ್ಟರೂ ಹೊಟ್ಟೆಯಲ್ಲಿ ಸಂಕಟ. ಗೀಟು ಎಳೆದರೆ ಇಳಿಯುತ್ತಿತ್ತು. ಅದಕ್ಕೇ ಶಿಸ್ತು ಎಂದು ಹೆಸರಿಟ್ಟುಕೊಂಡಿದ್ದೆ.

ನಮ್ಮ ಟೈಪಿಸ್ಟ್ ಮುಳಬಾಗಿಲಿನಿಂದ ಬರುತ್ತಿದ್ದರು. ಅವರ ತಾಯಿಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಪಕ್ಕದ ಮನೆಯವ್ರು ಬಂದ್ ಕೂತ್ಕೊಳೋದೇ ಒಂಬತ್ತಕ್ಕೆ ಸಾರ್. ಆಮೇಲಿನ ಬಸ್ಸು ಇಲ್ಲಿಗೆ ಹತ್ತೂಕಾಲಾಗ್ತದೆ. ಸ್ವಲ್ಪ ದಿನ ಬಿಡಿ ಸಾರ್, ಸಾಯಂಕಾಲ ಅರ್ಧ ಗಂಟೆ ಜಾಸ್ತಿ ಕೂತ್ಕೊಂಡ್ ಟೈಪ್ ಮಾಡ್ಕೊಡ್ತೀನಿ."

"ನಿಮಗೊಬ್ರಿಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರಮ್ಮ" ಎಂದೆ. ಯಾರೂ ಕೇಳುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು.

ಅವರ ಎರಡು ರಜೆ ಕತ್ತರಿಸಿದೆ. ಆಮೇಲೆ ಅವರು ಹೊತ್ತಿಗೆ ಸರಿಯಾಗಿ ಬರತೊಡಗಿದರು. ಪಕ್ಕದ ಮನೆಯಾಕೆ ಬರುವವರೆಗೆ ತಾಯಿಯನ್ನು ಒಂಟಿಯಾಗಿ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೊರಡುತ್ತಿದ್ದರಂತೆ. ನಾನೋ, ನೋಡಿ ಹೇಗೆ ದಾರಿಗೆ ತಂದೆ ಎಂದು ಸಾಹೇಬರ ಮುಂದೆ ಬೀಗಿದೆ.

ಒಂದು ದಿನ ಹತ್ತಕ್ಕೆ ಐದು ನಿಮಿಷವಿರುವಾಗಲೇ ಬಂದು, ಬೆವರು ಒರೆಸಿಕೊಂಡು ಸಹಿ ಹಾಕಿದರು. ಮುಖದಲ್ಲಿ ನಗು.

"ಹೊರಡೋವಾಗ ಅಮ್ಮ ಒಳಗಿಂದ 'ಪಾಪಾ' ಅಂತ ನನ್ನ ಕರೆದ್ರು ಸಾರ್. ಎರಡು ತಿಂಗಳ ಮೇಲೆ ಮೊದಲ್ನೇ ಮಾತು. ವಾಪಸ್ ಹೋದ್ರೆ ಬಸ್ ತಪ್ತದೆ ಅಂತ ಬಂದ್ಬಿಟ್ಟೆ. ಸಾಯಂಕಾಲ ಮಾತಾಡಿಸ್ತೀನಿ."

'ಈಗಲೇ ಹೋಗಮ್ಮ' ಎನ್ನಬಹುದಿತ್ತು. "ಆ ಸ್ಟೇಟ್‌ಮೆಂಟ್ ಮೊದ್ಲು ಟೈಪ್ ಮಾಡಿ" ಎಂದೆ.

ಅಂದು ಸಂಜೆ ತಾಯಿ ಮಾತಾಡಲಿಲ್ಲವಂತೆ. ಮರುದಿನವೂ ಇಲ್ಲ. ಇದನ್ನು ಬೇರೆಯವರು ಹೇಳಿ ತಿಳಿಯಿತು, ಅವರು ನನ್ನ ಹತ್ತಿರ ಹೇಳಲಿಲ್ಲ. ವರ್ಷದೊಳಗೆ ಮುಳಬಾಗಿಲಿಗೆ ವರ್ಗ ಮಾಡಿಸಿಕೊಂಡು ಹೋದರು.

ಎಷ್ಟೋ ವರ್ಷಗಳ ನಂತರ ಕೋಲಾರದಲ್ಲಿ ಮನಸ್ಸಿನ ಒತ್ತಡದ ಬಗ್ಗೆ ನಮಗೊಂದು ತರಬೇತಿ ಇಟ್ಟಿದ್ದರು. ಊಟ ಚೆನ್ನಾಗಿರುತ್ತದೆಂದು ಹೋಗಿದ್ದೆ. ಪಾಠ ಹೇಳಿದ ಹೆಣ್ಣುಮಗಳು ನನ್ನ ಗೀಟಿನ ಕತೆ ಕೇಳಿ, "ಸಂಕಟ ಆದ್ರೆ ಆಗ್ಲಿ ಬಿಡಿ ಸಾರ್. ಅದನ್ನ ಪಕ್ಕದಲ್ಲಿ ಕೂರಿಸ್ಕೊಂಡೇ, ಯಾವುದು ಸರಿಯೋ ಅದನ್ನ ಮಾಡಿ" ಎಂದರು. ಮರುದಿನ ಹತ್ತೂವರೆವರೆಗೆ ಕೆಂಪು ಪೆನ್ನು ಮುಟ್ಟಲಿಲ್ಲ. ಸಂಕಟ ಶುರುವಾದಾಗ ಪೆನ್ನನ್ನು ಡ್ರಾಯರಿನ ಒಳಗೇ ಬಿಟ್ಟು ಕೂತೆ. ತಡವಾಗಿ ಬಂದ ಜವಾನ ಸಹಿ ಹಾಕಿ ಟೀ ತಂದುಕೊಟ್ಟ. ಟೀ ಮುಗಿಯುವಷ್ಟರಲ್ಲಿ ಸಂಕಟ ತಾನಾಗಿಯೇ ಇಳಿದಿತ್ತು. ಇಷ್ಟಕ್ಕಾಗಿಯೇ ನಮ್ಮ ಟೈಪಿಸ್ಟನ್ನು ಓಡಿಸಿದೆನೇ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಆಮೇಲೊಮ್ಮೆ ಅವರು ಯಾವುದೋ ಕಾಗದಕ್ಕೆಂದು ನಮ್ಮ ಕಚೇರಿಗೆ ಬಂದರು. ತಲೆ ನರೆತಿತ್ತು. ಬಾಗಿಲು ದಾಟಿದವರೇ ಮೊದಲು ಗೋಡೆಯ ಗಡಿಯಾರ ನೋಡಿದರು.

"ಈಗ ಗೀಟು ಹಾಕೋದು ಬಿಟ್ಟಿದೀನಮ್ಮ, ಕೂತ್ಕೊಳಿ" ಎಂದೆ.

"ಅಭ್ಯಾಸ ಸಾರ್" ಎಂದು ನಕ್ಕರು.

ಅಷ್ಟು ವರ್ಷ ಕೇಳಲು ಧೈರ್ಯವಾಗದ್ದನ್ನು ಅಂದು ಕೇಳಿದೆ. "ಅಮ್ಮ ಆಮೇಲೆ ಯಾವಾಗ್ಲಾದ್ರೂ ಮಾತಾಡಿದ್ರಾ?"

"ಇಲ್ಲ ಸಾರ್" ಎಂದರು. "ಅದೊಂದೇ ಸಲ."