ಕಣ್ಣು ತಿಳಿಯಾಗಲು ಹಿಡಿದ ದಿನಗಳು

ಶಿವರಂಜಿನಿಗೆ ಮೂರನೇ ಕ್ಲಾಸಿನಲ್ಲೇ ಕನ್ನಡಕ ಬಂದಿತ್ತು. ವರ್ಷದಿಂದ ವರ್ಷಕ್ಕೆ ಗಾಜು ದಪ್ಪವಾಗುತ್ತಾ ಹೋಗಿ, ಇಪ್ಪತ್ತೈದರ ಹೊತ್ತಿಗೆ ಪವರ್ ಮೈನಸ್ ಆರೂವರೆಗೆ ಬಂದು ನಿಂತಿತು. ಕನ್ನಡಕ ತೆಗೆದರೆ ಎದುರಿಗೆ ಕೂತವರ ಮುಖವೂ ಅವಳಿಗೆ ಕಾಣುತ್ತಿರಲಿಲ್ಲ. ಮೂಗಿನ ಹತ್ತಿರ ಹಿಡಿದ ವಸ್ತು ಮಾತ್ರ ಬೇರೆ ಯಾರಿಗೂ ಕಾಣದಷ್ಟು ನಿಚ್ಚಳವಾಗಿ ಕಾಣುತ್ತಿತ್ತು.

ಅವಳ ಕೆಲಸಕ್ಕೆ ಅದು ಅನುಕೂಲವೇ ಆಗಿತ್ತು. ಚಿಕ್ಕಪೇಟೆಯಲ್ಲಿ ಶಂಭುಲಿಂಗಪ್ಪನವರ ರೇಷ್ಮೆ ಸೀರೆಯ ಸಗಟು ಅಂಗಡಿಯಿದೆ. ಮಗ್ಗದಿಂದ ಬಂದ ಸೀರೆಗಳನ್ನು ಒಂದೊಂದಾಗಿ ಬಿಚ್ಚಿ, ಎಳೆ ತಪ್ಪಿದೆಯೇ, ಜರಿ ಸಡಿಲವಾಗಿದೆಯೇ ಎಂದು ನೋಡುವುದು ಹನ್ನೊಂದು ವರ್ಷದಿಂದ ಅವಳ ಪಾಲಿಗೆ ಬಂದ ಕೆಲಸ. ಅನುಮಾನ ಬಂದ ಕಡೆ ಕನ್ನಡಕ ತೆಗೆದು, ಸೆರಗನ್ನು ಕಣ್ಣ ಹತ್ತಿರಕ್ಕೆ ಎತ್ತಿ ಹಿಡಿದು ತಪ್ಪು ಹೇಳುತ್ತಿದ್ದಳು. ಅಂಗಡಿಯವರು ಅವಳಿಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದರು.

ದಸರೆಗೆ ಮುಂಚಿನ ಒಂದು ಶನಿವಾರ ಕೆಲಸ ಮುಗಿಸಿ ಮೆಟ್ರೋ ಮೆಟ್ಟಿಲು ಇಳಿಯುತ್ತಿದ್ದಾಗ ಯಾರದೋ ತಲೆಯ ಮೇಲಿದ್ದ ಬಟ್ಟೆ ಮೂಟೆ ಕೆನ್ನೆಗೆ ಸವರಿಕೊಂಡು ಹೋಯಿತು. ಕನ್ನಡಕ ಹಾರಿ ಕೆಳಗೆ ಬಿತ್ತು. ಅವಳು ಬಗ್ಗುವ ಮುಂಚೆಯೇ ಜನರ ಕಾಲಡಿ ಪುಡಿಯಾದ ಸದ್ದು ಕೇಳಿಸಿತು. ಮುಂದಿನ ಮೆಟ್ಟಿಲು ಎಲ್ಲಿದೆ ಎಂದೇ ತಿಳಿಯದೆ ಗೋಡೆ ಹಿಡಿದು ನಿಂತಳು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಗಂಡ ಮನೋಹರನ ನಂಬರ್ ಹುಡುಕಿದಳು. ಅವನು ಎನ್.ಆರ್. ಕಾಲೋನಿಯ ಮನೆಯಿಂದ ಹಳೆಯ ಕನ್ನಡಕ ತರುವವರೆಗೆ ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದಳು. ಕನ್ನಡಕ ಬಿಡಲು ಕಣ್ಣಿಗೆ ಲೇಸರ್ ಮಾಡಿಸಿಕೊಂಡೇ ತೀರುವುದೆಂದು ನಿರ್ಧರಿಸಿದ್ದು ಆ ಗೋಡೆಯ ಪಕ್ಕದಲ್ಲೇ.

ಅತ್ತೆ ಶೈಲಜಮ್ಮ ಬೇಡ ಎಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು; ಮಾತು ಕಡಿಮೆ, ಆಡಿದ್ದು ಗಟ್ಟಿ. ಕನ್ನಡಕ ಹಾಕಿದರೆ ಚೆನ್ನಾಗಿ ಕಾಣುವ ಕಣ್ಣಿಗೆ ಯಾಕೆ ಬೇಡದ ಉಸಾಬರಿ ಎನ್ನುವುದು ಅವರ ವಾದ. ಆದರೆ ಕೆಳಗಿನ ಮನೆಯ ವಾಣಿ ಹಿಂದಿನ ವರ್ಷ ಮಾಡಿಸಿಕೊಂಡಿದ್ದಳು. ಮಾರನೆಯ ಬೆಳಿಗ್ಗೆಯೇ ಎದುರು ಮನೆಯ ಗೇಟಿನ ಮೇಲಿನ ಹೆಸರು ಓದಿದೆ ಎಂದು ಅವಳು ಹೇಳಿದ್ದು ಶಿವರಂಜಿನಿಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಬಸವನಗುಡಿಯ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಚೈತನ್ಯಾ ಅರ್ಧ ದಿನ ಪರೀಕ್ಷೆ ಮಾಡಿದರು. ಕೊನೆಗೆ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ವಿವರಿಸಿದರು. ಶಿವರಂಜಿನಿಯ ಕರಿಗುಡ್ಡೆಯ ಮೇಲಿನ ಗಾಜಿನಂಥ ಪದರ ತೆಳುವಾಗಿದೆ. ವಾಣಿಗೆ ಮಾಡಿದ ಹಾಗೆ ಪದರ ಸೀಳಿ ಎತ್ತಿ ಮಾಡಲು ಬರುವುದಿಲ್ಲ. ಮೇಲ್ಮೈಯ ಸಿಪ್ಪೆಯನ್ನಷ್ಟೇ ಸರಿಸಿ ಲೇಸರ್ ಬಿಡಬೇಕು. ಆ ಸಿಪ್ಪೆ ಮತ್ತೆ ಬೆಳೆಯುವವರೆಗೆ ಮೂರು ದಿನ ಉರಿ. ನೋಟ ತಿಳಿಯಾಗಲು ಕೆಲವು ವಾರ, ಸ್ಥಿರವಾಗಿ ನಿಲ್ಲಲು ಮೂರು ತಿಂಗಳು. ಕನ್ನಡಕ ತೆಗೆದು ತೀರ ಹತ್ತಿರದಿಂದ ನೋಡುವ ಅಭ್ಯಾಸವಿದ್ದರೆ ಅದು ಇನ್ನು ಆಗುವುದಿಲ್ಲ ಎಂದೂ ಹೇಳಿದರು. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಆದರೆ ಮನಸ್ಸು ಮಾರನೆಯ ಬೆಳಿಗ್ಗೆಯ ಗೇಟಿನ ಹೆಸರನ್ನು ಓದುತ್ತಿತ್ತು.

ಲೇಸರ್ ಒಂದು ಕಣ್ಣಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಮರಗಟ್ಟಿಸುವ ಹನಿ ಹಾಕಿದ್ದರಿಂದ ನೋವಾಗಲಿಲ್ಲ. ಹಸಿರು ದೀಪವನ್ನೇ ನೋಡುತ್ತಿರಿ ಎಂದರು, ನೋಡಿದಳು. ಕೂದಲು ಸುಟ್ಟಂಥ ವಾಸನೆ ಬಂತು. ಆಮೇಲೆ ಎರಡೂ ಕಣ್ಣಿಗೆ ಬ್ಯಾಂಡೇಜಿನ ಹಾಗೆ ಕಾಪಾಡುವ ತೆಳ್ಳನೆಯ ಲೆನ್ಸ್ ಇಟ್ಟು, ಕಪ್ಪು ಕನ್ನಡಕ ಹಾಕಿ ಮನೆಗೆ ಕಳಿಸಿದರು.

ಉರಿ ಶುರುವಾದದ್ದು ಸಂಜೆಗೆ. ಒಂದು ಬುಟ್ಟಿ ಈರುಳ್ಳಿ ಹೆಚ್ಚಿ ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ ಹಾಗೆ. ರೆಪ್ಪೆ ತೆರೆದರೆ ನೀರು ಧಾರೆಯಾಗಿ ಸುರಿಯುತ್ತಿತ್ತು. ಕಿಟಕಿಯ ಪರದೆಯ ಅಂಚಿನಿಂದ ನುಸುಳುವ ಬೆಳಕೂ ಚುಚ್ಚುತ್ತಿತ್ತು. ನೋವಿನ ಮಾತ್ರೆ ನುಂಗಿ, ಕತ್ತಲು ಕೋಣೆಯಲ್ಲಿ ಮಲಗಿದಳು.

ಬೇಡ ಎಂದಿದ್ದ ಶೈಲಜಮ್ಮನೇ ಆಗ ಪೂರ್ತಿ ಉಸ್ತುವಾರಿ ತೆಗೆದುಕೊಂಡರು. ಮೂರು ಬಗೆಯ ಹನಿ ಇದ್ದವು: ಸೋಂಕು ತಗಲದಿರಲು ಒಂದು, ಗಾಯ ಕಲೆಯಾಗಿ ಮಾಯದಿರಲು ಒಂದು, ಕಣ್ಣು ಒಣಗದಿರಲು ಒಂದು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡಬೇಕಿತ್ತು. ಶೈಲಜಮ್ಮ ಗಡಿಯಾರ ನೋಡುತ್ತಾ ಕೂತು, ನಾಲ್ಕು ನಿಮಿಷಕ್ಕೆ ಹಾಕಲು ಹೊರಟ ಮಗನ ಕೈಯಿಂದ ಬಾಟಲಿ ಕಸಿದುಕೊಂಡರು. ಘಾಟು ಬರುತ್ತದೆಂದು ಮನೆಯಲ್ಲಿ ಒಗ್ಗರಣೆಯನ್ನೇ ನಿಲ್ಲಿಸಿದರು. ಸೊಸೆಗೆ ನಿತ್ಯ ಹಚ್ಚುವ ವಿಭೂತಿಯ ಪುಡಿ ಕಣ್ಣಿಗೆ ಉದುರಬಾರದೆಂದು ನೀರಿನಲ್ಲಿ ಕಲೆಸಿ ಹಣೆಯ ಮೇಲ್ಭಾಗಕ್ಕಷ್ಟೇ ಹಚ್ಚಿದರು. ತಲೆಗೆ ನೀರಿಲ್ಲ, ಮುಖಕ್ಕೆ ಒದ್ದೆ ಬಟ್ಟೆ ಮಾತ್ರ. ನಿದ್ದೆಯಲ್ಲಿ ಕಣ್ಣುಜ್ಜಿಕೊಳ್ಳದಂತೆ ಮಲಗುವಾಗ ಪ್ಲಾಸ್ಟಿಕ್ ಮುಚ್ಚಳಗಳನ್ನು ಟೇಪಿನಿಂದ ಅಂಟಿಸುತ್ತಿದ್ದರು. ಬೇಸರ ಕಳೆಯಲು ಪೇಪರ್ ಓದಿ ಹೇಳುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ಪಳಗಿದ ಆ ತಿಳಿಯಾದ ದನಿಯಲ್ಲಿ ಟೆಂಡರ್ ಪ್ರಕಟಣೆಯೂ ಕೇಳಲು ಹಿತವಾಗಿತ್ತು.

ನಾಲ್ಕನೆಯ ಬೆಳಿಗ್ಗೆ ಎದ್ದಾಗ ಉರಿ ಇರಲಿಲ್ಲ. ಮತ್ತೆ ಬರುತ್ತದೇನೋ ಎಂದು ಅವಳು ಸ್ವಲ್ಪ ಹೊತ್ತು ಅಲುಗಾಡದೆ ಮಲಗಿಯೇ ಇದ್ದಳು. ಬರಲಿಲ್ಲ. ಐದನೆಯ ದಿನ ಆಸ್ಪತ್ರೆಯಲ್ಲಿ ಲೆನ್ಸ್ ತೆಗೆದರು. ಈಗ ಎಲ್ಲ ಕಾಣುತ್ತದೆ ಎಂದು ಕಣ್ಣು ತೆರೆದಳು. ಕಂಡದ್ದು ಆವಿ ಕೂತ ಗಾಜಿನಾಚೆಯ ಲೋಕ. ಗೋಡೆಯ ಅಕ್ಷರಗಳಲ್ಲಿ ಮೇಲಿನ ಮೂರು ಸಾಲು ಓದಿದಳು, ಅಷ್ಟೇ.

ಮುಂದಿನ ದಿನಗಳೇ ಉರಿಗಿಂತ ಕಷ್ಟವಾದವು. ಬೆಳಿಗ್ಗೆ ಕೊಂಚ ಸ್ಪಷ್ಟ ಎನ್ನಿಸಿದ್ದು ಮಧ್ಯಾಹ್ನಕ್ಕೆ ಮಸುಕಾಗುತ್ತಿತ್ತು. ಬಲಗಣ್ಣು ಮುಂದೆ ಹೋದರೆ ಎಡಗಣ್ಣು ಹಿಂದೆಯೇ ಉಳಿಯುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಅಂಕಿ ಓದಲು ನೋಡುತ್ತಿದ್ದಳು. ಒಂಬತ್ತನೆಯ ದಿನ ಪ್ರತಿ ಅಂಕಿಯ ಬೆನ್ನಿಗೂ ಅದರದೇ ನೆರಳು ಅಂಟಿಕೊಂಡು ಎರಡೆರಡಾಗಿ ಕಂಡಿತು. ವಾಣಿ ಮಾತಾಡಿಸಲು ಬಂದವಳು ತನಗೆ ಹೀಗೇನೂ ಆಗಿರಲಿಲ್ಲ ಎಂದು ಹೇಳಿ ಹೋದಳು. ಶಿವರಂಜಿನಿ ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಹೊರಗೆ ಬಂದಾಗ ಶೈಲಜಮ್ಮ ಬಾಗಿಲಲ್ಲೇ ನಿಂತಿದ್ದರು.

"ಇದ್ದ ಕಣ್ಣು ಕಳ್ಕೊಂಡ್ಬಿಟ್ನಾ ಅತ್ತೆ?" ಎಂದಳು.

"ನಾನು ಬೇಡ ಅಂದಿದ್ದು ಮಾಡಿಸ್ಕೊಳ್ಳೋಕೆ ಮುಂಚೆ. ಈಗ ಆಗಿದೆ. ಈಗ ನಾನೂ ನಿನ್ ಕಡೇನೇ," ಎಂದರು ಶೈಲಜಮ್ಮ. "ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಇರು."

ಫೋನಿನಲ್ಲಿ ಇದು ಸಹಜ ಎಂದರು. ಸಮಾಧಾನವಾಗದಿದ್ದರೆ ಬೆಳಿಗ್ಗೆ ಬಂದು ತೋರಿಸಿ ಎಂದೂ ಹೇಳಿದರು. ಮಾರನೆಯ ದಿನ ಅತ್ತೆ ಸೊಸೆ ಆಟೋದಲ್ಲಿ ಹೋದರು. ಡಾಕ್ಟರ್ ಚೈತನ್ಯಾ ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿದರು. ಶಿವರಂಜಿನಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು.

"ಸಿಪ್ಪೆ ಪೂರ್ತಿ ಮುಚ್ಕೊಂಡಿದೆ. ಸೋಂಕಿಲ್ಲ, ಕಲೆ ಇಲ್ಲ," ಎಂದರು ಡಾಕ್ಟರ್. "ಹೊಸದಾಗಿ ಬೆಳೆದಿದ್ದು ಇನ್ನೂ ಸಮ ಆಗಿಲ್ಲ, ಜೊತೆಗೆ ಕಣ್ಣು ಒಣಗಿದೆ. ಅದಕ್ಕೇ ಎರಡೆರಡು ಕಾಣ್ತಿದೆ. ವಾರಕ್ಕೊಂದ್ಸಲ ಪರೀಕ್ಷೆ ಮಾಡ್ಕೊಳ್ಳಿ, ದಿನಾ ಬೇಡ. ಬೇರೆಯವರ ಕಣ್ಣಿಗೆ ಹೋಲಿಸ್ಲೇಬೇಡಿ."

ಆ ಮಾತು ಕೇಳಿ ಅವಳಿಗೆ ಅಲ್ಲೇ ಅಳು ಬಂತು. ಅಳುವುದರಿಂದ ತೊಂದರೆಯಿಲ್ಲ, ಉಜ್ಜಿಕೊಳ್ಳಬೇಡಿ ಎಂದು ಡಾಕ್ಟರ್ ಹತ್ತಿ ಕೊಟ್ಟರು. ಹೊರಗೆ ಬಂದ ಮೇಲೆ ಹತ್ತು ದಿನದಲ್ಲಿ ಮೊದಲ ಸಲ ಹಸಿವೆಯಾಗುತ್ತಿದೆ ಎಂದಳು. ಇಬ್ಬರೂ ಹತ್ತಿರದ ದರ್ಶಿನಿಯಲ್ಲಿ ಖಾಲಿ ದೋಸೆ ತಿಂದರು.

ಮನೆಗೆ ಬಂದ ಕೂಡಲೇ ಶೈಲಜಮ್ಮ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ತಮ್ಮ ಬೀರುವಿನಲ್ಲಿ ಇಟ್ಟುಬಿಟ್ಟರು. ಭಾನುವಾರಕ್ಕೊಮ್ಮೆ ಹೊರಗೆ ತರುತ್ತಿದ್ದರು. ಮೊದಲ ಭಾನುವಾರ ದಪ್ಪ ಅಂಕಿಗಳ ನೆರಳು ಕಳಚಿತ್ತು. ಎರಡನೆಯ ಭಾನುವಾರ ತಾರೀಖಿನ ಕೆಳಗಿನ ಸಣ್ಣ ಅಕ್ಷರದ ನಕ್ಷತ್ರದ ಹೆಸರನ್ನೂ ಓದಿದಳು. ಸಂಜೆ ಬೀದಿದೀಪಗಳ ಸುತ್ತ ಇನ್ನೂ ಬಳೆಯಂಥ ಬೆಳಕು ಕಾಣುತ್ತಿತ್ತು. ಅದೂ ಕರಗುತ್ತದೆ ಎಂದು ಡಾಕ್ಟರ್ ಹೇಳಿದ್ದನ್ನು ಈ ಸಲ ಅವಳು ಕಿವಿಗೊಟ್ಟು ಕೇಳಿದ್ದಳು.

ಒಂದು ತಿಂಗಳಾಗುತ್ತಿದ್ದಂತೆ ಕೆಲಸಕ್ಕೆ ಹೋದಳು. ಮೊದಲ ಸೀರೆ ಬಿಚ್ಚಿದಾಗಲೇ ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ತೆಗೆಯಲು ಕನ್ನಡಕ ಇರಲಿಲ್ಲ. ಸೆರಗನ್ನು ಮೂಗಿನ ಹತ್ತಿರ ಎತ್ತಿ ಹಿಡಿದಳು. ಎಲ್ಲ ಕಲಸಿದಂತೆ ಕಂಡಿತು. ಒಂದು ಗೇಣು ದೂರ ಸರಿಸಿದರೆ ಎಳೆಗಳು ಕಂಡವು, ಆದರೆ ಮೊದಲಿನಷ್ಟು ದೊಡ್ಡದಾಗಿ ಅಲ್ಲ. ಅರ್ಧ ದಿನ ಒದ್ದಾಡಿ, ಮುಚ್ಚಿಡುವುದು ಸರಿಯಲ್ಲವೆಂದು ನೇರವಾಗಿ ಶಂಭುಲಿಂಗಪ್ಪನವರಿಗೆ ಹೇಳಿದಳು.

"ಸಾರ್, ಮುಂಚಿನ ಥರ ಹತ್ತಿರ ಹಿಡಿದು ನೋಡೋಕೆ ಇನ್ನು ನನ್ ಕೈಲಾಗಲ್ಲ. ಡಾಕ್ಟ್ರು ಮುಂಚೇನೇ ಹೇಳಿದ್ರು, ನಾನೇ ಸರಿಯಾಗಿ ಕೇಳಿಸ್ಕೊಂಡಿರ್ಲಿಲ್ಲ."

ಅವರು ಡ್ರಾಯರ್ ತಡಕಾಡಿ ಹಿತ್ತಾಳೆಯ ಪುಟ್ಟ ಮಡಚುಗನ್ನಡಿ ತೆಗೆದರು. ಬಟ್ಟೆಯ ಮೇಲಿಟ್ಟು ಎಳೆ ನೋಡುವಂಥದ್ದು. ಅವರ ತಂದೆ ಬಳಸುತ್ತಿದ್ದರಂತೆ.

"ನನಗೆ ಐವತ್ತು ವರ್ಷದಿಂದ ಇದಿಲ್ದೆ ಏನೂ ಕಾಣಲ್ಲಮ್ಮ," ಎಂದರು. "ಯಾವ ಸೀರೆಗೆ ಇದನ್ನ ಇಡ್ಬೇಕು ಅಂತ ನಿನಗೆ ಗೊತ್ತಾಗತ್ತಲ್ಲ, ಅದು ಸಾಕು. ನಿಧಾನಕ್ಕೆ ಮಾಡು."

ಸಂಜೆಯೊಳಗೆ ಅವಳು ಎರಡು ಸೀರೆಗಳಲ್ಲಿ ತಪ್ಪು ಹಿಡಿದಿದ್ದಳು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

ಮೂರು ತಿಂಗಳ ಪರೀಕ್ಷೆಯಲ್ಲಿ ಎರಡೂ ಕಣ್ಣು ಕೊನೆಯ ಸಾಲನ್ನು ಓದಿದವು, ಎಡಗಣ್ಣು ಸ್ವಲ್ಪ ತಡವರಿಸಿ. ಒಣಗದಿರಲು ಹಾಕುವ ಹನಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಂತಿತು. ಬಿಸಿಲಿಗೆ ಕಪ್ಪು ಕನ್ನಡಕ ಇನ್ನೂ ಕೆಲವು ತಿಂಗಳು ಇರಲಿ ಎಂದರು.

ಅದರ ಮರುದಿನ ಭಾನುವಾರ. ಬೆಳಿಗ್ಗೆ ಎಚ್ಚರವಾದಾಗ ಮಲಗಿದಲ್ಲಿಂದಲೇ ಶಿವರಂಜಿನಿಗೆ ಸೂರಿನ ಮೂಲೆಯಲ್ಲಿ ದೊಡ್ಡ ಜೇಡರ ಬಲೆ ಕಾಣಿಸಿತು. ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಕಪ್ಪಗೆ ದೂಳು ಕಟ್ಟಿತ್ತು. ಎಷ್ಟು ವರ್ಷದಿಂದ ಅದರ ಕೆಳಗೇ ಮಲಗಿದ್ದಳೋ. ಎದ್ದು ಉದ್ದನೆಯ ಕೋಲಿಗೆ ಪೊರಕೆ ಕಟ್ಟುತ್ತಿರುವುದನ್ನು ಶೈಲಜಮ್ಮ ನೋಡಿದರು. ದೂಳು ಕಣ್ಣಿಗೆ ಬೀಳುತ್ತದೆಂದು ಕೋಲು ಕಿತ್ತುಕೊಂಡು ಮಗನನ್ನು ಎಬ್ಬಿಸಿದರು. ಮನೋಹರ ಆಕಳಿಸುತ್ತಾ ಸ್ಟೂಲ್ ಹತ್ತಿದ. ಶಿವರಂಜಿನಿ ಬಾಗಿಲಾಚೆ ನಿಂತು, ಬಿಟ್ಟುಹೋದ ಜಾಗಗಳನ್ನು ಬೆರಳು ಮಾಡಿ ತೋರಿಸುತ್ತಾ ಹೋದಳು.