ಸೂಜಿಮಾವ ನೋಡುವ ಬಣ್ಣ

ನನಗೊಂದು ಕೆಟ್ಟ ಅಭ್ಯಾಸವಿದೆ. ಅರ್ಥವಾಗದಿದ್ದರೂ "ಹೂಂ" ಎಂದುಬಿಡುತ್ತೇನೆ. ಪದವಿ ಮುಗಿಯುವವರೆಗೂ ಮೇಷ್ಟರ ಮುಂದೆ ಹೂಂಗುಟ್ಟಿದೆ. ಪುರವಣಿಗೆ ಬರೆಯುವ ಕೆಲಸ ಸಿಕ್ಕಿದ ಮೇಲೆ ಸಿಕ್ಕವರ ಮುಂದೆಲ್ಲ ಹೂಂಗುಟ್ಟುತ್ತಿದ್ದೇನೆ. "ನಾಳೆಯಾದರೂ ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅನ್ನು" ಎಂದು ನಿನ್ನೆ ಡೈರಿಯಲ್ಲಿ ಬರೆದುಕೊಂಡಿದ್ದೆ. ಈಗ ಬೆಳಗಿನ ಆರಕ್ಕೆ ಹತ್ತು ನಿಮಿಷ. ಆಗಲೇ ನಾಲ್ಕು ಹೂಂ ಆಗಿದೆ.

ನಾಲ್ಕೂ ಸಂದದ್ದು ಸೂಜಿಮಾವನಿಗೆ. ಅರ್ಧ ಎತ್ತಿದ ಷಟರಿನ ಒಳಗೆ, ನೇತಾಡುವ ಹಳದಿ ಬಲ್ಬಿನ ಕೆಳಗೆ, ಗೋಣಿಚೀಲದ ಮೇಲೆ ಮೊಣಕಾಲೂರಿ ಅವರು ಹಳೆಯ ಮೋಟಾರ್‌ಸೈಕಲ್ಲೊಂದರ ಕಾರ್ಬ್ಯುರೇಟರ್ ಬಿಚ್ಚುತ್ತಿದ್ದಾರೆ. ವಯಸ್ಸು ಅರವತ್ತನಾಲ್ಕು. ಬೆರಳು ದಪ್ಪ, ಕೆಲಸ ಸಣ್ಣದು. ಕಡಲೆಕಾಳಿನಷ್ಟು ಹಿತ್ತಾಳೆಯ ತುಂಡೊಂದನ್ನು ತಿರುಪಿ ಹೊರತೆಗೆದು ನನ್ನ ಅಂಗೈಗೆ ಹಾಕುತ್ತಾರೆ.

"ಇದೇ ಜೆಟ್ಟು. ಮಧ್ಯೆ ತೂತು ಕಾಣ್ತದಾ? ಸೂಜಿ ತೂರೋಷ್ಟು. ಇಂಜಿನ್ನು ಕುಡಿಯೋದೆಲ್ಲ ಇದರಿಂದಾನೇ."

ತೂತು ದೊಡ್ಡದಾದರೆ ಪೆಟ್ರೋಲು ಹೆಚ್ಚಾಗಿ ಬಂಡಿ ಕೆಮ್ಮುತ್ತದೆ, ಹೊಗೆ ಕಾರುತ್ತದೆ. ಚಿಕ್ಕದಾದರೆ ಪೆಟ್ರೋಲು ಸಾಲದೆ ಒಳಗಿನ ಕಾವು ಏರಿ ಪಿಸ್ಟನ್ನೇ ಕರಗುತ್ತದೆ.

"ಕರಗಿದ್ರೆ ಏನಾಗುತ್ತೆ?" ನಾನಾಗಿ ಕೇಳಿದ ಮೊದಲ ಪ್ರಶ್ನೆ ಇದು.

"ಓಡ್ತಿದ್ದ ಹಾಗೇ ಚಕ್ರ ಕಚ್ಕೊಳ್ಳುತ್ತೆ. ಬಂಡಿ ಅಲ್ಲೇ ನಿಲ್ಲುತ್ತೆ. ಮೇಲೆ ಕೂತವನು ನಿಲ್ಲಲ್ಲ." ಮಾವ ನಗುವುದಿಲ್ಲ.

ಮೇಲೆ ಕೂರುವವರು ಅವರ ಹೆಂಡತಿಯ ತಮ್ಮ, ವೃತ್ತಿಯಲ್ಲಿ ಬಡಗಿ. ಬಂಡಿ ಬಡಗಿಯ ತಂದೆ ಓಡಿಸುತ್ತಿದ್ದದ್ದು. ಅದರ ಸಿಲಿಂಡರನ್ನು ಕೊರೆಸಿ ಹಿಗ್ಗಿಸಿ, ದೊಡ್ಡ ಕಾರ್ಬ್ಯುರೇಟರ್ ಕೂರಿಸಿದ್ದಾರೆ. ಹೀಗೆ ರೂಪ ಬದಲಿಸಿದ ಇಂಜಿನ್ನಿಗೆ ಎಷ್ಟನೇ ನಂಬರಿನ ಜೆಟ್ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಇವತ್ತು ಒಂಬತ್ತು ಗಂಟೆಗೆ ಊರಾಚೆಯ ನೇರ ರಸ್ತೆಯಲ್ಲಿ ಹಳೆಯ ಬಂಡಿಗಳ ಓಟವಿದೆ. ಅಷ್ಟರೊಳಗೆ ಸರಿಯಾದ ತೂತು ಸಿಗಬೇಕು.

ಒಂದು ಮಾತು. ಈ ಬರಹವನ್ನು ಅಚ್ಚಿಗೆ ಕೊಡುವ ಮುಂಚೆ ಸೂಜಿಮಾವನಿಗೆ ಪೂರ್ತಿ ಓದಿ ಹೇಳಿದ್ದೇನೆ. ಒಂದು ಸಾಲನ್ನೂ ತೆಗೆಯಬೇಡ ಎಂದಿದ್ದಾರೆ.

ಮೊದಲು ಅವರು ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು, ಊರೆಲ್ಲ ಕರೆಯುವ ಈ ಹೆಸರು ಅಲ್ಲಿಂದ ಅಂಟಿಕೊಂಡು ಬಂತು. ಕಾರ್ಬ್ಯುರೇಟರಿಗೆ ಬಂದು ನಲವತ್ತೊಂದು ವರ್ಷ. ಗೋಡೆಯ ಮರದ ಪೆಟ್ಟಿಗೆಯಲ್ಲಿ ತೊಂಬತ್ತಾರು ಗುಳಿ, ತೊಂಬತ್ತಾರು ಜೆಟ್. ಯಾವ ಗುಳಿಯಲ್ಲಿ ಯಾವ ನಂಬರು ಎಂಬುದು ಅವರ ಬೆರಳಿಗೇ ಬಾಯಿಪಾಠ. ಒಂದು ಕಾಲಕ್ಕೆ ದಿನಕ್ಕೆ ಮೂರು ಬಂಡಿ ಬರುತ್ತಿದ್ದವು, ಈಗ ವಾರಕ್ಕೆ ಮೂರು. ಹೊಸ ಬಂಡಿಗಳಲ್ಲಿ ಕಾರ್ಬ್ಯುರೇಟರೇ ಇರುವುದಿಲ್ಲವಂತೆ. ಪೆಟ್ರೋಲಿನಲ್ಲಿ ನೆನೆದು ನೆನೆದು ಬೆರಳ ತುದಿ ಬಿರುಕು ಬಿಟ್ಟಿದೆ. "ನನ್ನ ಹೆಬ್ಬೆಟ್ಟು ಯಾವ ಮಿಷನ್ನೂ ಒಪ್ಪಲ್ಲ. ಕಳ್ಳತನಕ್ಕೆ ಹೋಗಿದ್ರೆ ಚೆನ್ನಾಗಿರ್ತಿತ್ತು."

ಸರಿಯಾದ ಜೆಟ್ಟನ್ನು ತಿಳಿಯುವ ಬಗೆಯೂ ವಿಚಿತ್ರ. ಬಡಗಿ ರಸ್ತೆಯ ಕೊನೆಯವರೆಗೆ ಪೂರ್ತಿ ವೇಗದಲ್ಲಿ ಹೋಗಿ, ಅಲ್ಲೇ ಇಂಜಿನ್ ಆರಿಸಿ, ಬಂಡಿಯನ್ನು ತಳ್ಳಿಕೊಂಡು ಬರುತ್ತಾರೆ. ಮಾವ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಯ ಪಿಂಗಾಣಿ ನೋಡುತ್ತಾರೆ. ಕಪ್ಪಾಗಿದ್ದರೆ ಜೆಟ್ ದೊಡ್ಡದು. ಬೆಳ್ಳಗಿದ್ದರೆ ಚಿಕ್ಕದು. ಬಿಸ್ಕತ್ತಿನ ಬಣ್ಣವಿದ್ದರೆ ಸರಿ.

"ನಲವತ್ತೊಂದು ವರ್ಷದಿಂದ ಬಿಸ್ಕತ್ತು ನೋಡ್ತಿದೀನಿ ಕಣಮ್ಮ. ತಿಂದಿದ್ದು ಕಡಿಮೆ."

ನಂಬರು ಹೆಚ್ಚಿದಷ್ಟೂ ತೂತು ದೊಡ್ಡದು. ನೂರಮೂವತ್ತನೇ ನಂಬರಿನಲ್ಲಿ ಪ್ಲಗ್ ಮಸಿಯಂತಿತ್ತು. ನೂರಿಪ್ಪತ್ತೈದರಲ್ಲಿ ಗಾಢ ಕಂದು. ನೂರಿಪ್ಪತ್ತು ಹಾಕಿದಾಗ ಬಲ್ಬಿನ ಬೆಳಕಲ್ಲಿ ನನ್ನ ಕಣ್ಣಿಗೆ ಸಾಕ್ಷಾತ್ ಬಿಸ್ಕತ್ತೇ ಕಂಡಿತು. ಮಾವ ಮಾತ್ರ ಹುಬ್ಬು ಗಂಟಿಕ್ಕುತ್ತಾರೆ. "ಇನ್ನೂ ಕರಿ ಇದೆ. ಒಂದು ಮೆಟ್ಟಿಲು ಇಳಿಸ್ಬೇಕು. ಅಲ್ವಾ?"

"ಹೂಂ." ಐದನೆಯದು. ಬಲ್ಬು ಹಳದಿ, ನಾನು ಹೊಸಬಳು. ಬಿಸ್ಕತ್ತಿನಲ್ಲೂ ಹಲವು ಜಾತಿ ಇರುತ್ತವೇನೋ.

ಅವರು ಹೇಳಿದ ನಂಬರುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಮಾವ ನನ್ನ ನೋಟ್‌ಬುಕ್ಕಿನತ್ತ ಬಗ್ಗುತ್ತಾರೆ. "ಅಜ್ಜನ ಕಾಲದ ಪುಸ್ತಕಾನಾ? ಹಾಳೆಯೆಲ್ಲ ಹಳದಿಯಾಗಿದೆ."

ನಿನ್ನೆ ಸಂಜೆ ಕೊಂಡ ಪುಸ್ತಕ. ಬೆಲೆಯ ಚೀಟಿಯೂ ಹೋಗಿಲ್ಲ. ಇದೂ ತಮಾಷೆಯೇ ಇರಬೇಕೆಂದು ನಗುತ್ತೇನೆ. ಅವರು ನಗುತ್ತಿಲ್ಲ.

ಅಂಗಡಿಯ ಮೇಲಿನ ಮನೆಯಿಂದ ಮೆಟ್ಟಿಲಿಳಿದು ಅವರ ಹೆಂಡತಿ ಟೀ ತರುತ್ತಾರೆ. ಅವರನ್ನು ಅತ್ತೆ ಎನ್ನಲೋ ಮೇಡಂ ಎನ್ನಲೋ ತಿಳಿಯದೆ ಬರೀ ತಲೆಯಾಡಿಸುತ್ತೇನೆ. ಅವರಿಗೆ ಮಾತಿಗೆ ಜನ ಸಿಕ್ಕರೆ ಸಾಕು.

"ಬರಿಯೋದಾದ್ರೆ ಇದನ್ನೂ ಬರ್ಕೊಳಮ್ಮ. ಈ ಮನುಷ್ಯನ ಬಿಳೀ ಅಂಗಿ ಎಷ್ಟು ತಿಕ್ಕಿದ್ರೂ ಹಳದೀನೇ ಅಂತೆ. ಆರು ತಿಂಗಳಲ್ಲಿ ಮೂರು ಸೋಪು ಬದಲಾಯ್ಸಿದೆ. ಕೈ ಸವೆದದ್ದು ನಂದು."

"ಹಳದಿ ಇದ್ದದ್ದಕ್ಕೆ ಹಳದಿ ಅಂದೆ," ಮಾವ ಪ್ಲಗ್ ಒರೆಸುತ್ತಲೇ ಗೊಣಗುತ್ತಾರೆ.

"ನೋಡಿ ಅಲ್ಲಿ!" ಅತ್ತೆ ಕೈ ತೋರುತ್ತಾರೆ. ಹಿತ್ತಲ ಬಾಗಿಲಾಚೆ ತಂತಿಯ ಮೇಲೆ ಅಂಗಿ ತೂಗುತ್ತಿದೆ. ಬೆಳಕು ಹರಿದಿದೆ. ಅಂಗಿ ಕಣ್ಣು ಕುಕ್ಕುವಷ್ಟು ಬಿಳಿ. ನನಗೆ ಮಾತ್ರ ಹಾಗೆ ಕಾಣುತ್ತಿದೆಯೇ? ಸೋಪಿನ ಜಗಳದಲ್ಲಿ ಹೊರಗಿನವಳಿಗೇನು ಕೆಲಸ ಎಂದು ಟೀ ಕುಡಿಯುತ್ತೇನೆ.

ಬಡಗಿ ನೂರಹದಿನೈದರ ಜೆಟ್ ಹಾಕಿದ ಬಂಡಿಯನ್ನು ಓಡಿಸಿ, ಬೆವರೊರೆಸುತ್ತಾ ತಳ್ಳಿಕೊಂಡು ಬರುತ್ತಾರೆ. "ಬಾಣ ಬಿಟ್ಟಂಗೆ ಹೋಯ್ತು ಭಾವ! ಆದ್ರೆ ಈ ಸಲ ತೊಡೆ ಸುಡ್ತಿದೆ."

"ಮರ ಕೊಯ್ದು ಕೊಯ್ದು ನಿನ್ನ ತೊಡೆನೂ ಮರ ಆಗಿದೆ. ಬೇಗ ಬೆಂಕಿ ಹತ್ಕೊಳ್ಳುತ್ತೆ."

"ನನ್ನ ತಮ್ಮನ್ನ ಹಾಗನ್ಬೇಡಿ. ಇರೋನು ಒಬ್ನೇ," ಅತ್ತೆ ಲೋಟ ಎತ್ತಿಕೊಳ್ಳುತ್ತಾರೆ.

ಮಾವ ಪ್ಲಗ್ ಬಿಚ್ಚಿ ಅಂಗಡಿಯ ಹೊರಗೆ, ಬಿಸಿಲಿಗೆ ಬರುತ್ತಾರೆ. ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮುಖದ ಗಂಟುಗಳೆಲ್ಲ ಒಂದೊಂದಾಗಿ ಬಿಡುತ್ತವೆ.

"ಬಂತು ನೋಡು. ಪಕ್ಕಾ ಬಿಸ್ಕತ್ತು."

ಬಡಗಿ ನೋಡುವುದೇ ಇಲ್ಲ. "ಭಾವ ನೋಡಿದ ಮೇಲೆ ನಾನೇನು ನೋಡೋದು" ಎನ್ನುತ್ತಾ ಹೆಲ್ಮೆಟ್ಟಿಗೆ ಕೈ ಹಾಕುತ್ತಾರೆ. ನಾನು ಮಾತ್ರ ನೋಡುತ್ತೇನೆ. ಈಗ ದೂರಲು ಹಳದಿ ಬಲ್ಬಿಲ್ಲ. ಪಿಂಗಾಣಿ ಸೀಮೆಸುಣ್ಣದ ಹಾಗಿದೆ.

ಕೆಲಸದವರ ಮಾತಿನಲ್ಲಿ ಇದನ್ನೇ ಬಿಸ್ಕತ್ತು ಎನ್ನುತ್ತಾರೆಯೇ? ಇಷ್ಟು ವರ್ಷ ನೋಡಿದ ಕಣ್ಣು ಹೆಚ್ಚೋ, ಈ ಬೆಳಗಿನಿಂದ ನೋಡುತ್ತಿರುವ ನನ್ನ ಕಣ್ಣೋ? ಮಾವನ ಮುಖ ನೋಡುತ್ತೇನೆ. ಕಣ್ಣಪಾಪೆಯ ನಡುವೆ ಹಳೆಯ ಗಾಜಿನಂಥ ಮಂಕು. ಅಂಗಿ, ಹಾಳೆ, ಪ್ಲಗ್. ಮೂರಕ್ಕೂ ಹಳದಿ ಬಳಿಯುತ್ತಿರುವುದು ಆ ಕಣ್ಣೇ ಇರಬಹುದೇ? ಹಾಗಾದರೆ ನೂರಿಪ್ಪತ್ತೇ ಸರಿಯಿತ್ತು. ಅದನ್ನು ತೆಗೆಯುವಾಗ ನಾನು ಹೂಂ ಎಂದಿದ್ದೆ.

"ನಿನ್ನ ಲೇಖನಕ್ಕೆ ದೊಡ್ಡ ದೊಡ್ಡ ಮಾತು ಬೇಡಮ್ಮ," ಮಾವ ಪ್ಲಗ್ಗನ್ನು ಮತ್ತೆ ಕೂರಿಸಲು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ. "ಈ ಸೂಜಿಮಾವನ ಕೈಲಿ ಇವತ್ತಿನವರೆಗೆ ಒಂದು ಪಿಸ್ಟನ್ನೂ ಸುಟ್ಟಿಲ್ಲ ಅಂತ ಬರಿ. ನಂಗೆ ಅಷ್ಟು ಸಾಕು."

ಇಂಥ ಮಾತೊಂದು ಸಿಕ್ಕರೆ ಲೇಖನ ಮುಗಿದಂತೆ. ಬರೆದುಕೊಂಡು, ನಮಸ್ಕಾರ ಹೇಳಿ ಹೊರಟುಬಿಡಬಹುದು. ಬಡಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾರೆ. ಅವರಕ್ಕ ಮೆಟ್ಟಿಲ ಮೇಲೆ ನಿಂತು ಕೈಬೀಸಲು ಕಾಯುತ್ತಿದ್ದಾರೆ.

ನಾನು ಪ್ಲಗ್ಗಿಗೆ ಕೈ ಚಾಚುತ್ತೇನೆ. ಮಾವ ಅರ್ಥವಾಗದೆ ಪ್ಲಗ್ಗನ್ನು ನನ್ನ ಅಂಗೈಗೆ ಇಡುತ್ತಾರೆ. ಇನ್ನೂ ಬಿಸಿಯಿದೆ. ನೋಟ್‌ಬುಕ್ಕಿನ ಖಾಲಿ ಹಾಳೆ ತೆರೆದು ಅದರ ಮೇಲೆ ಇಡುತ್ತೇನೆ. ಪಿಂಗಾಣಿಗೂ ಹಾಳೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ.

"ಸರಿಯಾಗಿದೆ ತಾನೇ?" ಮಾವ ಕೇಳುತ್ತಾರೆ.

ಆರನೇ ಹೂಂ ನಾಲಿಗೆಯ ತುದಿಗೆ ಬಂದು ಕೂತಿದೆ. ಅದನ್ನು ನುಂಗುತ್ತೇನೆ.

"ಇಲ್ಲ ಮಾವ. ಇದು ಬಿಳಿ," ನನ್ನ ದನಿ ನನಗೇ ಜೋರಾಗಿ ಕೇಳಿಸುತ್ತದೆ. "ನನ್ನ ಪುಸ್ತಕನೂ ಹೊಸದೇ."